ದಾಂಡೇಲಿ: ಮರದ ಊರು, ನೀರಿನ ಊರು

ನಮ್ಮ ಎನ್.ಆರ್. ಕಾಲೋನಿಯ ತರುಣರು ಈಚೆಗೆ ಶುಕ್ರವಾರ ರಾತ್ರಿಯ ಬಸ್ಸನ್ನೇರಿ ದಾಂಡೇಲಿಗೆ ಹೊರಡುತ್ತಾರೆ. ಕಾಳಿ ನದಿಯ ಇಳುಕಲುಗಳಲ್ಲಿ ರಬ್ಬರಿನ ದೋಣಿಯಲ್ಲಿ ಜಾರಿ, ಮೈಯೆಲ್ಲ ತೊಯ್ಸಿಕೊಂಡು, ಸೋಮವಾರ ಕಚೇರಿಗೆ ಹಾಜರಾಗುತ್ತಾರೆ. “ಮನುಷ್ಯನ ಕೈ ಸೋಕದ ಜಾಗ, ಸಾರ್” ಎಂದು ಅವರು ವರ್ಣಿಸುವಾಗ ನನಗೆ ನಗು ಬರುತ್ತದೆ. ಆ ಕಾಡಿನಷ್ಟು, ಆ ಹೊಳೆಯಷ್ಟು ಮನುಷ್ಯನ ಕೈಗೆ ಸಿಕ್ಕಿದ ತಾಣಗಳು ನಮ್ಮ ನಾಡಿನಲ್ಲಿ ವಿರಳ.

ದಾಂಡೇಲಿ ಬೆಳೆದದ್ದೇ ಮರದಿಂದ. ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ತೇಗ, ಮತ್ತಿ, ಬೀಟೆಗಳ ದಿಮ್ಮಿಗಳನ್ನು ಸಾಗಿಸಲೆಂದು ಅಳ್ನಾವರದಿಂದ ಇಲ್ಲಿಗೆ ರೈಲುಹಾದಿ ಬಂತು. ಮರದ ಡಿಪೋ, ಮರ ಕೊಯ್ಯುವ ಗಿರಣಿ, 1940ರ ದಶಕದಲ್ಲಿ ಪ್ಲೈವುಡ್ ಕಾರ್ಖಾನೆ, ಆಮೇಲೆ ಬಿದಿರನ್ನು ನೆಚ್ಚಿ 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ, ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಕೂಲಿಗಾಗಿ ಬಂದವರ ಬಾಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗುಗಳು ಒಂದೇ ಸಂತೆಯಲ್ಲಿ ಕೇಳಿಬಂದವು. ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಅದೊಂದು ಹಬ್ಬ!

ಕಾಗದದ ಕಾರ್ಖಾನೆ ಇಂದಿಗೂ ನಡೆಯುತ್ತಿದೆ, ಪ್ಲೈವುಡ್ಡಿನದು ಮುಚ್ಚಿಹೋಯಿತು. ವಿಚಿತ್ರವೆಂದರೆ, ಮರ ಕಡಿಯುತ್ತಿದ್ದ ಕಾಲದಲ್ಲೇ, 1956ರಲ್ಲಿ, ಇಲ್ಲಿ ಅಭಯಾರಣ್ಯವೂ ಘೋಷಿತವಾಯಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಅರಣ್ಯದೊಳಗೆ ಕೇಂದ್ರದ ಅನುಮತಿಯಿಲ್ಲದೆ ನಡೆಯುವ ಗಿರಣಿಗಳು ನಿಲ್ಲಬೇಕೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಆಜ್ಞೆ ಮಾಡಿತು. 2007ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು.

ಗರಗಸದಿಂದ ಉಳಿದುಕೊಂಡ ಮುದಿಮರಗಳೇ ಇಂದಿನ ಪ್ರವಾಸಿಗಳ ಸಂಪತ್ತು. ಮಂಗಟ್ಟೆ ಹಕ್ಕಿಗೆ ಗೂಡು ಕಟ್ಟಲು ಹಳೆಯ ಮರದ ಪೊಟರೆ ಬೇಕು. ಹೆಣ್ಣು ಒಳಹೊಕ್ಕು, ಕಿರಿದೊಂದು ಸೀಳನ್ನುಳಿಸಿ ಬಾಯನ್ನು ಮೆತ್ತಿಕೊಳ್ಳುತ್ತದೆ. ಗಂಡು ಆ ಸೀಳಿನ ಮೂಲಕ ಹಣ್ಣು ತಂದುಣಿಸುತ್ತದೆ. ಪೊಟರೆ ಬಿದ್ದ ಮರವೆಂದರೆ ಮರದ ವ್ಯಾಪಾರಿಗೆ ತಿರಸ್ಕೃತ ಮಾಲು. ಅವನ ತಿರಸ್ಕಾರವೂ ಈ ಹಕ್ಕಿಗೆ ಆಸರೆಯಾಗಿರಬೇಕೆಂದು ನನ್ನ ಊಹೆ. ನಾಲ್ಕು ಜಾತಿಯ ಮಂಗಟ್ಟೆಗಳಿರುವ ಇಲ್ಲಿ 2011ರಲ್ಲಿ ಅವುಗಳಿಗೆಂದೇ ಒಂದು ಸಂರಕ್ಷಣಾ ಮೀಸಲು ಏರ್ಪಟ್ಟಿತು. ಊರೊಳಗಿನ ಮರದ ಡಿಪೋದಲ್ಲಿಯೇ, ದಿಮ್ಮಿಗಳ ಸಾಲಿನ ನಡುವೆ, ಅವನ್ನು ನೋಡಬಹುದು.

ಇನ್ನು ಹೊಳೆ. ದಾಂಡೇಲಿಗೆ ಮೇಲೆ ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟಿದೆ. ಅದರ ಬುಡದಲ್ಲಿ 100 ಮೆಗಾವಾಟಿನ ವಿದ್ಯುದಾಗಾರ. ಅಲ್ಲಿಂದ ಹೊರಬಿದ್ದ ನೀರು ದಾಂಡೇಲಿಯನ್ನು ದಾಟಿ ಬೊಮ್ಮನಹಳ್ಳಿಯಲ್ಲಿ ಮತ್ತೆ ತಂಗಿ, ಸುರಂಗದ ಮೂಲಕ ನಾಗಝರಿಯ ದೊಡ್ಡ ವಿದ್ಯುದಾಗಾರಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಜಲಾಶಯ ನೀರನ್ನು ಹಿಡಿದಿಡುತ್ತದೆ. ನಾಡಿಗೆ ವಿದ್ಯುತ್ತು ಬೇಕಾದಾಗ ಬಿಡುತ್ತದೆ. ಆದಕಾರಣ ಉಳಿದ ಹೊಳೆಗಳು ಸೊರಗುವ ಬೇಸಗೆಯಲ್ಲಿಯೂ ಗಣೇಶಗುಡಿಯ ಕೆಳಗೆ ತೆರೆಗಳು ಏಳುತ್ತವೆ. ಯಂತ್ರ ತಿರುಗಿದರೆ ದೋಣಿಯಾಟ. ನಿಂತರೆ ದಡದಲ್ಲಿ ಕಾಯುವುದು. ನಾವು ಇಲ್ಲಿ ಒತ್ತುವ ಗುಂಡಿಗೂ ಅಲ್ಲಿನ ತೆರೆಗೂ ನಂಟಿದೆಯೆಂದರೆ ನಮ್ಮ ಹುಡುಗರು ನಂಬಲೊಲ್ಲರು. ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಟ್ಟಿದ್ದ ಕಟ್ಟಡ ಕೂಡ ಈಗ ಪಕ್ಷಿವೀಕ್ಷಕರ ತಂಗುದಾಣ; ಅಂಗಳದ ನೀರಿನ ಬೋಗುಣಿಗಳಲ್ಲಿ ಹಕ್ಕಿಗಳು ಮೀಯುವುದನ್ನು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ.

ಇಷ್ಟೆಲ್ಲ ವಿಹಾರದ ನಡುವೆ ಯಾರೂ ಕೇಳದ ಹೆಸರೊಂದಿದೆ. ಸೂಪಾ ಎಂಬುದು ಮೊದಲು ಅಣೆಕಟ್ಟಿನ ಹೆಸರಲ್ಲ. ಮನೆ, ಗುಡಿ, ಪೇಟೆಗಳಿದ್ದ ತಾಲ್ಲೂಕು ಕೇಂದ್ರದ ಹೆಸರು. 1980ರ ದಶಕದಲ್ಲಿ ಆ ಊರು ಸುತ್ತಲಿನ ಹಳ್ಳಿಗಳೊಡನೆ ನೀರಿನಡಿ ಸೇರಿತು. ಕಚೇರಿಗಳು ಜೋಯಿಡಾಕ್ಕೆ ಹೋದವು. ಮನೆ ಕಳೆದುಕೊಂಡ ಬಹಳ ಮಂದಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ಮುಳುಗಿದ ಊರಿನ ಹೆಸರನ್ನು ಮುಳುಗಿಸಿದ ಕಟ್ಟೆಗೇ ಇಟ್ಟದ್ದು ಗೌರವವೋ ವ್ಯಂಗ್ಯವೋ ನಾನರಿಯೆ. ಬೆಳಗಾವಿಯಿಂದ ಅನಮೋಡದ ಮೇಲೆ ಗೋವೆಗೆ ಹೋಗುವ ಹೆದ್ದಾರಿಯಲ್ಲಿಯೇ ರಾಮನಗರ ಸಿಗುತ್ತದೆ. ದಾಂಡೇಲಿ ಮುಗಿಸಿ ಗೋವೆಗೆ ಹೊರಟ ನಮ್ಮ ಬಡಾವಣೆಯ ಹುಡುಗರಿಗೆ ನಾನು ಹೇಳುವುದು ಇಷ್ಟೆ: ಅಲ್ಲಿ ಇಳಿದು ಒಂದು ಲೋಟ ಚಹಾ ಕುಡಿಯಿರಿ, ಸೂಪಾದ ಹಿರಿಯರು ಯಾರಾದರೂ ಸಿಕ್ಕರೆ ಅವರ ಊರಿನ ವಿಷಯ ಕೇಳಿ.