ಹಾಯಿದೋಣಿಯ ಅಡುಗೆಕಟ್ಟೆಗೆ ಪುಟ್ಟ ಪಂಪು: ವಿದ್ಯುತ್ತಿಗಿಂತ ನೀರಿನ ಲೆಕ್ಕವೇ ದೊಡ್ಡದು

ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರು 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್‌ಮತ್ ಬಂದರಿನಿಂದ ಏಕಾಂಗಿಯಾಗಿ ಹೊರಟು, ಎಲ್ಲಿಯೂ ತಂಗದೆ ಭೂಪ್ರದಕ್ಷಿಣೆ ಮುಗಿಸಿ, 312 ದಿನಗಳ ಬಳಿಕ ಅದೇ ಬಂದರಿಗೆ ಮರಳಿದರು. ಅವರನ್ನು ಹೊತ್ತು ಸಾಗಿದ 32 ಅಡಿಯ ಹಾಯಿದೋಣಿ ‘ಸುಹೇಲಿ’ ಮುಂಬಯಿಯಲ್ಲಿ ತೇಗದ ಮರದಿಂದ ನಿರ್ಮಾಣವಾದದ್ದು ಎಂಬುದು ನಮ್ಮ ದೇಶದ ದೋಣಿ ಕಟ್ಟುವ ಕಸುಬಿಗೆ ಸಂದ ಗೌರವವೇ ಸರಿ. ಆ ಯಾನದಲ್ಲಿ ತೊಟ್ಟಿಗಳ ನೀರು ಕೆಟ್ಟುಹೋದ ಕಾರಣ ಅವರು ಮಳೆನೀರನ್ನು ಹಿಡಿದು ಕುಡಿಯಬೇಕಾಯಿತು. ಸುತ್ತ ಕಣ್ಣು ಹಾಯುವವರೆಗೂ ನೀರಿದ್ದರೂ ಕುಡಿಯುವ ನೀರು ತೊಟ್ಟಿಯಲ್ಲಿರುವಷ್ಟೇ ಎಂಬ ಈ ಸಂಗತಿಯನ್ನು ಮರೆತು ಹಾಯಿದೋಣಿಯ ಸಿಂಕಿಗೆ ವಿದ್ಯುತ್ ಪಂಪು ಜೋಡಿಸಲು ಹೊರಟರೆ ಕೆಲಸ ತಾಂತ್ರಿಕವಾಗಿ ಸರಿಯಾಗಿದ್ದರೂ ಪ್ರಯೋಜನಕ್ಕೆ ಬಾರದು.

ಪಶ್ಚಿಮ ಕರಾವಳಿಯಲ್ಲಿ ಈ ವಿಷಯಕ್ಕೆ ಈಗ ಮಹತ್ವ ಬಂದಿದೆ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ ಗೋವೆಗೆ ಹರಿಯುವ ಮಹದಾಯಿಯ ಹೆಸರನ್ನೇ ಹೊತ್ತ ನೌಕಾಪಡೆಯ ‘ಮ್ಹಾದೇಯಿ’ ಹಾಯಿನೌಕೆ 2009ರಲ್ಲಿ ಗೋವೆಯ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲಿ ಸಿದ್ಧವಾಯಿತು. ಅಲ್ಲಿಯೇ ನಿರ್ಮಾಣಗೊಂಡ ‘ತಾರಿಣಿ’ 2024-25ರಲ್ಲಿ ಇಬ್ಬರು ಮಹಿಳಾ ಅಧಿಕಾರಿಗಳೊಡನೆ ಭೂಪ್ರದಕ್ಷಿಣೆ ಮಾಡಿ ಬಂದಿತು. ದೋಣಿಗಳು ಹೆಚ್ಚಿದಂತೆ ಅವುಗಳ ಒಳಗಿನ ನಲ್ಲಿ, ತಂತಿ, ಪಂಪುಗಳ ಕೆಲಸವೂ ಹೆಚ್ಚುತ್ತದೆ. ಆ ಕೆಲಸ ಮನೆಯ ವೈರಿಂಗ್ ಹಾಗೂ ಪ್ಲಂಬಿಂಗ್ ಬಲ್ಲವರ ಪಾಲಿಗೇ ಬರುವುದರಿಂದ ವ್ಯತ್ಯಾಸ ಎಲ್ಲಿದೆ ಎಂದು ತಿಳಿದಿರುವುದು ಅವಶ್ಯ.

ಮೊದಲ ವ್ಯತ್ಯಾಸ ತೊಟ್ಟಿಯ ಸ್ಥಾನದ್ದು. ಮನೆಯಲ್ಲಿ ಸಂಪಿನ ನೀರನ್ನು ಒಮ್ಮೆ ಮಹಡಿಯ ಮೇಲಿನ ಟ್ಯಾಂಕಿಗೆ ಏರಿಸಿದರೆ ಮುಂದಿನದನ್ನು ಗುರುತ್ವವೇ ನೋಡಿಕೊಳ್ಳುತ್ತದೆ. ದೋಣಿಯಲ್ಲಿ ಭಾರ ಮೇಲಿದ್ದರೆ ಸಮತೋಲ ಕೆಡುವುದರಿಂದ ತೊಟ್ಟಿಯನ್ನು ತಳದ ಹತ್ತಿರ, ಆಸನಗಳ ಅಡಿಯಲ್ಲಿ ಇರಿಸಲಾಗುತ್ತದೆ. ಹೀಗಾಗಿ ಪ್ರತಿಯೊಂದು ಲೋಟ ನೀರನ್ನೂ ಮೇಲೆತ್ತಬೇಕು. ಹಿಂದೆ ಇದಕ್ಕೆ ಕೈಪಂಪು ಅಥವಾ ಕಾಲಿನಿಂದ ತುಳಿಯುವ ಪಂಪು ಮಾತ್ರ ಇದ್ದವು. ಈಗ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಅಂಗೈ ಮೇಲೆ ನಿಲ್ಲಬಲ್ಲ ಡಯಾಫ್ರಾಂ ಪಂಪು ಸಾಮಾನ್ಯವಾಗಿದೆ. ಇದರೊಳಗೇ ಪ್ರೆಶರ್ ಸ್ವಿಚ್ ಇರುತ್ತದೆ. ನಲ್ಲಿ ತೆರೆದಾಗ ಪೈಪಿನ ಒತ್ತಡ ಇಳಿದು ಪಂಪು ತಾನಾಗಿ ಚಾಲೂ ಆಗುತ್ತದೆ. ನಲ್ಲಿ ಮುಚ್ಚಿದಾಗ ಒತ್ತಡ ಏರಿ ನಿಲ್ಲುತ್ತದೆ.

ವಿದ್ಯುತ್ ಎಷ್ಟು ಖರ್ಚಾದೀತು ಎಂಬುದೇ ಮಾಲೀಕರ ಮೊದಲ ಪ್ರಶ್ನೆ. ನಿಮಿಷಕ್ಕೆ 4 ಲೀಟರ್ ಕೊಡುವ ಪಂಪು 4 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 40 ಲೀಟರ್ ಬಳಸಿದರೂ ಅದು ನಡೆಯುವುದು 10 ನಿಮಿಷ. ಖರ್ಚು ಸುಮಾರು 0.67 ಆಂಪಿಯರ್-ಗಂಟೆ. 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಶೇಕಡಾ ಒಂದೂ ಅಲ್ಲ. ಅದೇ ದೋಣಿಯ ಪುಟ್ಟ ಫ್ರಿಜ್ಜು ಇದರ ಹತ್ತಾರು ಪಟ್ಟು ನುಂಗುತ್ತದೆ.

ನೀರಿನ ಲೆಕ್ಕ ಹಾಗಲ್ಲ. ನಿಮಿಷಕ್ಕೆ 11 ಲೀಟರ್ ಕೊಡುವ ಪಂಪಿನಲ್ಲಿ ಅರ್ಧ ನಿಮಿಷ ಕೈ ತೊಳೆದರೆ ಐದೂವರೆ ಲೀಟರ್ ಸಿಂಕಿನ ಪಾಲು. 4 ಲೀಟರಿನದರಲ್ಲಿ ಎರಡೇ ಲೀಟರ್. ಕಾಲುಪಂಪಿನಲ್ಲಿ ತುಳಿದಷ್ಟೇ ನೀರು ಬರುವುದರಿಂದ ಮನುಷ್ಯ ತಾನಾಗಿಯೇ ಮಿತವ್ಯಯಿ. ಇನ್ನೂ ಗಂಭೀರವಾದದ್ದು ಪಂಪಿನಾಚೆ ಹೋಸ್ ಪೈಪು ಕಳಚಿಕೊಳ್ಳುವ ಸಂದರ್ಭ. ಒತ್ತಡ ಏರುವುದೇ ಇಲ್ಲವಾದ್ದರಿಂದ ಸ್ವಿಚ್ ಆರುವುದಿಲ್ಲ. 200 ಲೀಟರಿನ ತೊಟ್ಟಿ 11 ಲೀಟರಿನ ಪಂಪಿನಿಂದ ಸುಮಾರು 18 ನಿಮಿಷಗಳಲ್ಲಿ ದೋಣಿಯ ತಳಕ್ಕೆ ಬರಿದಾಗುತ್ತದೆ. ಅಲ್ಲಿನ ಎಣ್ಣೆ, ಉಪ್ಪುನೀರುಗಳೊಡನೆ ಬೆರೆತದ್ದು ಮತ್ತೆ ಕುಡಿಯಲು ಬಾರದು. ಚುಕ್ಕಾಣಿ ಹಿಡಿದವನು ಮೇಲೆ, ಉಳಿದವರು ನಿದ್ರೆಯಲ್ಲಿ ಇರುವ ಹೊತ್ತಿಗೆ ಇದು ನಡೆದರೆ ಬೆಳಿಗ್ಗೆ ಚಹಾಕ್ಕೆ ನೀರಿಲ್ಲ ಎಂಬುದು ಸಣ್ಣ ಮಾತು. ದಡ ನಾಲ್ಕು ದಿನದ ದಾರಿಯಾಗಿದ್ದರೆ ಪ್ರಾಣದ ಮಾತು.

ಆದ್ದರಿಂದ ಒಂದೇ ಸಿಂಕಿಗೆ ಸಣ್ಣ ಪಂಪೇ ಸಾಕು. ಬಂದರು ಬಿಟ್ಟ ಮೇಲೆ ಬಳಕೆಯಿಲ್ಲದಾಗ ಅದರ ಸ್ವಿಚ್ಚನ್ನು ಫಲಕದಲ್ಲಿಯೇ ಆರಿಸಿಡುವ ರೂಢಿ ಬೇಕು. ಸ್ವಿಚ್ಚಿನ ಪಕ್ಕ ಕೆಂಪು ದೀಪವೊಂದಿದ್ದರೆ ಮರೆವಿಗೆ ಅವಕಾಶ ಕಡಿಮೆ. ಸಾಧ್ಯವಾದರೆ ನೀರನ್ನು ಎರಡು ತೊಟ್ಟಿಗಳಲ್ಲಿ ಹಂಚಿ, ಒಂದರ ಕವಾಟ ಮುಚ್ಚಿಯೇ ಇರಬೇಕು. ಹಳೆಯ ಕಾಲುಪಂಪನ್ನು ಕಿತ್ತು ಗುಜರಿಗೆ ಹಾಕುವ ಆತುರ ಸಲ್ಲದು. ಬ್ಯಾಟರಿ ಸತ್ತ ದಿನ ನೀರು ಕೊಡುವುದು ಅದೇ. ಎರಡನ್ನೂ ಒಂದೇ ನಲ್ಲಿಗೆ ಜೋಡಿಸಿದರೆ ಒಂದು ಇನ್ನೊಂದರ ಮೂಲಕ ಗಾಳಿ ಎಳೆಯುವ ತೊಡಕು ಬರುತ್ತದೆ. ಕಾಲುಪಂಪಿಗೆ ಪ್ರತ್ಯೇಕ ಪೈಪು, ಪ್ರತ್ಯೇಕ ಮೂತಿ ಕೊಡುವುದು ಸರಳ ಪರಿಹಾರ.

ತಂತಿ ಮತ್ತು ಫ್ಯೂಸ್

ಮನೆಯ ಎಲೆಕ್ಟ್ರಿಷಿಯನ್ ಹೆಚ್ಚಾಗಿ ಎಡವುವುದು ತಂತಿಯ ದಪ್ಪದಲ್ಲಿ. 230 ವೋಲ್ಟಿನಲ್ಲಿ ಒಂದು ವೋಲ್ಟ್ ಕಳೆದರೆ ಯಾರ ಗಮನಕ್ಕೂ ಬಾರದು. 12 ವೋಲ್ಟಿನಲ್ಲಿ ಅದು ಶೇಕಡಾ ಎಂಟಕ್ಕೂ ಹೆಚ್ಚು. ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 10 ಮೀಟರ್ ಎಂದು ಎಣಿಸಬೇಕು. 5 ಆಂಪಿಯರ್ ಹರಿಯುವಾಗ 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಸುಮಾರು ಒಂದು ವೋಲ್ಟ್ ಪೋಲಾಗುತ್ತದೆ. ಎರಡೂವರೆ ಚದರ ಮಿಲಿಮೀಟರಿನದರಲ್ಲಿ ಮೂರನೇ ಒಂದು ವೋಲ್ಟಿಗಿಂತ ತುಸು ಹೆಚ್ಚು. ಪಂಪು ನರಳುತ್ತ ನಡೆಯುತ್ತಿದೆ, ಕಂಪನಿಯ ಮಾಲೇ ಸರಿಯಿಲ್ಲ ಎಂಬ ದೂರುಗಳಲ್ಲಿ ಅನೇಕವು ತೆಳು ತಂತಿಯ ದೂರುಗಳು. ಉಪ್ಪುಗಾಳಿಯಲ್ಲಿ ಬರಿಯ ತಾಮ್ರ ಬೇಗ ಹಸಿರುಗಟ್ಟುವುದರಿಂದ ತವರದ ಲೇಪವಿರುವ, ಹಲವು ಎಳೆಗಳ ತಂತಿಯೇ ಯೋಗ್ಯ. ತುದಿಗಳನ್ನು ತಿರುಚಿ ಟೇಪು ಸುತ್ತುವ ಅಭ್ಯಾಸವನ್ನು ದಡದಲ್ಲೇ ಬಿಟ್ಟುಬರಬೇಕು. ಕ್ರಿಂಪ್ ಮಾಡಿ ಮೇಲೆ ಹೀಟ್-ಶ್ರಿಂಕ್ ಕೊಳವೆ ಹಾಕಬೇಕು.

ಫ್ಯೂಸಿನ ಸ್ಥಾನ ಪಂಪಿನ ಬಳಿಯಲ್ಲ, ವಿದ್ಯುತ್ ಹೊರಡುವ ಬಳಿ. ಅದು ಕಾಯುವುದು ಪಂಪಿಗಿಂತ ಮೊದಲು ತಂತಿಯನ್ನು. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ದೊಡ್ಡ ಬ್ಯಾಟರಿಯೊಂದು ಶಾರ್ಟ್ ಆದಾಗ ನೂರಾರು ಆಂಪಿಯರ್ ಹರಿಸಿ ತಂತಿಯನ್ನು ಕೆಂಡವಾಗಿಸಬಲ್ಲದು. ಫೈಬರ್‌ಗ್ಲಾಸ್ ದೋಣಿಯಲ್ಲಿ ಬೆಂಕಿ ಎದ್ದರೆ ಓಡಲು ಜಾಗವಿಲ್ಲ.

ಜೋಡಣೆಯ ಉಳಿದ ಭಾಗ ಕೈಚಳಕದ್ದು. ಪಂಪು ಒಣ ಜಾಗದಲ್ಲಿ, ತಳದ ನೀರು ಮುಟ್ಟದ ಎತ್ತರದಲ್ಲಿ, ಕೈಗೆ ಎಟುಕುವಂತಿರಬೇಕು. ಲಂಬವಾಗಿ ಕೂರಿಸುವುದಾದರೆ ಮೋಟಾರು ಮೇಲೆ, ನೀರಿನ ಭಾಗ ಕೆಳಗೆ. ಸೋರಿದರೂ ಮೋಟಾರು ನೆನೆಯದು. ರಬ್ಬರ್ ಪಾದಗಳನ್ನು ತೀರ ಬಿಗಿದರೆ ಸದ್ದು ಹಲಗೆಗೆ ದಾಟಿ ದೋಣಿಯೆಲ್ಲ ಗುನುಗುತ್ತದೆ. ಎರಡೂ ಬದಿ ಗಟ್ಟಿ ಪೈಪಿನ ಬದಲು ಆಹಾರ ದರ್ಜೆಯ ಬಾಗುವ ಹೋಸ್, ಸ್ಟೇನ್‌ಲೆಸ್ ಕ್ಲಿಪ್ಪುಗಳು ಬೇಕು. ತೊಟ್ಟಿಗೂ ಪಂಪಿಗೂ ನಡುವೆ ಸೋಸುಜಾಲರಿ ಇಲ್ಲದಿದ್ದರೆ ಹೊಸ ತೊಟ್ಟಿ ಕೊರೆದಾಗ ಉಳಿದ ಪ್ಲಾಸ್ಟಿಕ್ ಚೂರು ಮೊದಲ ವಾರದಲ್ಲೇ ಕವಾಟಕ್ಕೆ ಸಿಲುಕುತ್ತದೆ.

ಪಾತ್ರೆ ತೊಳೆಯಲು ಸಮುದ್ರದ ನೀರನ್ನೇ ಎತ್ತುವ ಎರಡನೆಯ ಪಂಪು ಇಡುವವರೂ ಉಂಟು. ಸಿಹಿನೀರು ಉಳಿಯುವ ದೃಷ್ಟಿಯಿಂದ ಉತ್ತಮ ಕ್ರಮ. ಆದರೆ ಅದರ ಪೈಪು ದೋಣಿಯ ಒಡಲಿನ ರಂಧ್ರಕ್ಕೆ ಸೇರಿರುತ್ತದೆ. ಅಲ್ಲಿನ ಕವಾಟವನ್ನು ಮುಚ್ಚದೆ ದೋಣಿ ಬಿಟ್ಟು ಹೋಗುವುದು ಸಮುದ್ರಕ್ಕೆ ಬಾಗಿಲು ತೆರೆದಿಟ್ಟಂತೆ.

ವ್ಯಾಪಾರಿಗಳ ಗಮನಕ್ಕೆ ಒಂದು ಮಾತು. ಜಿಎಸ್‌ಟಿಯಲ್ಲಿ ನೀರಿನ ವಿದ್ಯುತ್ ಪಂಪುಗಳು 8413ರ ಶೀರ್ಷಿಕೆಯಲ್ಲಿ ಬರುತ್ತವೆ. 2022ರ ಜುಲೈ 18ರಂದು ಅವುಗಳ ತೆರಿಗೆ ಶೇ. 12ರಿಂದ 18ಕ್ಕೆ ಏರಿತು. ವಿಹಾರನೌಕೆಗಳದು 8903, 2025ರ ಸೆಪ್ಟೆಂಬರ್ 22ರಿಂದ ಅವುಗಳ ಮೇಲಿನ ತೆರಿಗೆ ಶೇ. 28ರಿಂದ 40ಕ್ಕೆ ಏರಿದೆ. ಬಿಡಿಯಾಗಿ ಮಾರುವ ಪಂಪನ್ನು ದೋಣಿಯ ಸಾಮಾನೆಂದು ಅದರ ಶೀರ್ಷಿಕೆಗೆ ಸೇರಿಸಿ ಬಿಲ್ಲು ಬರೆಯಬಾರದು.

ಕೆಲಸ ಮುಗಿದ ದಿನವೇ ಹಣ ಕೇಳದ ಕಸುಬುದಾರನೊಬ್ಬ ಸಿಕ್ಕರೆ ಮಾಲೀಕನ ಅದೃಷ್ಟ. ತೊಟ್ಟಿ ತುಂಬಿಸಿ, ನಲ್ಲಿ ತೆರೆದು ಗಾಳಿ ಹೊರಹೋಗುವವರೆಗೆ ನಡೆಸಿ, ನಲ್ಲಿ ಮುಚ್ಚಿ, ಪಂಪಿನ ಸ್ವಿಚ್ಚನ್ನು ಮಾತ್ರ ಹಾಕಿಯೇ ಇಟ್ಟು, ಬಂದರಿನಲ್ಲಿ ಒಂದು ರಾತ್ರಿ ದೋಣಿಯಲ್ಲೇ ಮಲಗಬೇಕು. ಯಾರೂ ನೀರು ಮುಟ್ಟದಿದ್ದರೂ ಆಗಾಗ ಪಂಪು ಕ್ಷಣಕಾಲ ಗುರ್ ಎಂದು ಸುಮ್ಮನಾದರೆ ಎಲ್ಲೋ ಒಂದು ಕ್ಲಿಪ್ಪು ಹನಿಯುತ್ತಿದೆ, ಇಲ್ಲವೇ ಪಂಪಿನ ಒಳಕವಾಟ ಹಿಡಿಯುತ್ತಿಲ್ಲ ಎಂದರ್ಥ. ಪಂಪಿನ ಸದ್ದನ್ನು ಪೂರ್ತಿ ಅಡಗಿಸಲು ಅನುಭವಿ ನಾವಿಕರು ಒಪ್ಪದಿರುವುದು ಈ ಕಾರಣಕ್ಕಾಗಿಯೇ.