ಹಂಗಾಮು ಮುಗಿದ ಮೇಲೆ ಗಾಲಿಗಳ ರಕ್ಷಣೆ: ಟೈರು ದಾಸ್ತಾನಿನ ಸರಿಯಾದ ಕ್ರಮ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ಭಾಗಗಳ ವ್ಯಾಪಾರ ವಹಿವಾಟು ಬಹುಮಟ್ಟಿಗೆ ಕೃಷಿ ಹಂಗಾಮನ್ನು ಅವಲಂಬಿಸಿದೆ. ಮುಂಗಾರಿನ ಬಿತ್ತನೆ, ಕೆರೆ ನೀರಿನ ಗದ್ದೆಗಳಲ್ಲಿ ಭತ್ತದ ನಾಟಿ, ದೀಪಾವಳಿಯ ಆಸುಪಾಸಿನಲ್ಲಿ ಗೋವಿನಜೋಳದ ರಾಶಿ, ಅದರ ಬೆನ್ನಿಗೇ ಕಬ್ಬಿನ ಸಾಗಾಣಿಕೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಾಲವಿದೆ. ಟ್ರ್ಯಾಕ್ಟರ್ ಟ್ರೇಲರು, ರಾಶಿ ಯಂತ್ರ, ಕೆಸರು ಗಾಲಿ ಮುಂತಾದವು ತಮ್ಮ ಕಾಲ ಬಂದಾಗ ಹಗಲಿರುಳು ದುಡಿಯುತ್ತವೆ. ಆ ಕಾಲ ಮುಗಿದ ಮೇಲೆ ತಿಂಗಳುಗಟ್ಟಲೆ ಹಿತ್ತಲಿನಲ್ಲಿಯೋ ವರ್ಕ್‌ಶಾಪಿನ ಮೂಲೆಯಲ್ಲಿಯೋ ನಿಂತಿರುತ್ತವೆ.

ಓಡುವ ಟೈರು ಮಾತ್ರ ಸವೆಯುತ್ತದೆ, ನಿಂತ ಟೈರಿಗೆ ಖರ್ಚಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಹಲ್ಲು ಇನ್ನೂ ಎತ್ತರವಾಗಿ ಉಳಿದಿರುವಾಗಲೇ ಪಕ್ಕದ ಗೋಡೆ ಸೀಳಿದ ಟ್ರೇಲರ್ ಟೈರುಗಳನ್ನು ಯಾವುದೇ ಪಂಕ್ಚರ್ ಅಂಗಡಿಯ ಮುಂದೆ ಕಾಣಬಹುದು. ಅವುಗಳಲ್ಲಿ ಹಲವು ರಸ್ತೆಯಲ್ಲಿ ಸವೆದು ಹಾಳಾದವಲ್ಲ, ಬಿಸಿಲಿನಲ್ಲಿ ನಿಂತು ಹಾಳಾದವು. ಅಂತಹ ಟೈರು ಹಂಗಾಮಿನ ಮೊದಲ ಭಾರದ ಹೇರಿಗೇ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಒಡೆದರೆ ಆಗುವ ಹಾನಿ ಕೇವಲ ಟೈರಿನ ಬೆಲೆಯದಲ್ಲ. ಆದ್ದರಿಂದ ಬಳಕೆಯಲ್ಲಿಲ್ಲದ ಕಾಲದಲ್ಲಿ ಟೈರು ಮತ್ತು ಗಾಲಿಗಳನ್ನು ಕಾಪಾಡುವ ಕ್ರಮವನ್ನು ಅರಿಯುವುದು ವಾಹನದ ಮಾಲೀಕರಿಗೂ, ಟೈರು ವ್ಯಾಪಾರಸ್ಥರಿಗೂ, ಟ್ರೇಲರ್ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಅಗತ್ಯವಾಗಿದೆ.

ರಬ್ಬರು ಹಳತಾಗುವ ಬಗೆ

ಟೈರಿನ ರಬ್ಬರಿಗೆ ಮುಖ್ಯವಾಗಿ ನಾಲ್ಕು ಶತ್ರುಗಳಿವೆ: ಶಾಖ, ಸೂರ್ಯನ ಬೆಳಕು, ಓಜೋನ್ ಅನಿಲ ಮತ್ತು ಎಣ್ಣೆ. ಗಾಳಿಯಲ್ಲಿರುವ ಆಮ್ಲಜನಕವು ರಬ್ಬರಿನೊಡನೆ ನಿಧಾನವಾಗಿ ಸೇರಿ ಅದನ್ನು ಗಡಸಾಗಿಸುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ರಿಯೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಛಾವಣಿಯ ಕೆಳಗೆ ಇಟ್ಟ ಟೈರು ತಂಪಾದ ಕೋಣೆಯಲ್ಲಿರುವ ಟೈರಿಗಿಂತ ಬೇಗ ಮುದಿಯಾಗುವುದಕ್ಕೆ ಇದೇ ಕಾರಣ.

ಟೈರಿಗೆ ಕಪ್ಪು ಬಣ್ಣ ಬರುವುದು ಅದರಲ್ಲಿ ಬೆರೆಸಿದ ಇಂಗಾಲದ ಪುಡಿಯಿಂದ. ಅದು ಬಲವನ್ನು ಹೆಚ್ಚಿಸುವುದಲ್ಲದೆ ಬಿಸಿಲಿನ ನೇರಳಾತೀತ ಕಿರಣಗಳನ್ನೂ ತಡೆಯುತ್ತದೆ. ಇದಲ್ಲದೆ ಕಾರ್ಖಾನೆಯಲ್ಲಿಯೇ ರಬ್ಬರಿಗೆ ಮೇಣ ಹಾಗೂ ಓಜೋನ್ ನಿರೋಧಕ ದ್ರವ್ಯಗಳನ್ನು ಸೇರಿಸಿರುತ್ತಾರೆ. ಟೈರು ಉರುಳುವಾಗ ಅದರ ಪಕ್ಕದ ಗೋಡೆ ಬಾಗಿ ಏಳುತ್ತಿರುತ್ತದೆ. ಆ ಚಲನೆಯಿಂದ ಈ ದ್ರವ್ಯಗಳು ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾದ ಪದರವಾಗುತ್ತವೆ. ನಿಂತ ಟೈರಿನಲ್ಲಿ ಈ ಚಲನೆಯಿರುವುದಿಲ್ಲ. ಹೀಗಾಗಿ ಪದರ ಸರಿಯಾಗಿ ನವೀಕರಣಗೊಳ್ಳದೆ ಸಣ್ಣ ಸಣ್ಣ ಬಿರುಕುಗಳು ಹುಟ್ಟುತ್ತವೆ. ನಿಂತ ಟೈರಿಗೆ ಓಡುವ ಟೈರಿಗಿಂತ ಹೆಚ್ಚಿನ ರಕ್ಷಣೆ ಬೇಕಾಗುವುದು ಇದರಿಂದಲೇ.

ಬಿಚ್ಚುವ ಮೊದಲು

ಗಾಲಿಯನ್ನು ಬಿಚ್ಚುವ ಮೊದಲು ಅದು ಯಾವ ಸ್ಥಾನದ್ದು, ಎಡವೋ ಬಲವೋ, ಮುಂದಿನದೋ ಹಿಂದಿನದೋ ಎಂಬುದನ್ನು ಸೀಮೆಸುಣ್ಣದಿಂದ ಬರೆದಿಡಬೇಕು. ಟ್ರ್ಯಾಕ್ಟರಿನ ಹಿಂದಿನ ಟೈರಿನ ಹಲ್ಲುಗಳಿಗೆ ದಿಕ್ಕು ಇರುವುದರಿಂದ ಅದಲುಬದಲಾದರೆ ಹೊಲದಲ್ಲಿ ಹಿಡಿತ ತಪ್ಪುತ್ತದೆ. ಹಲ್ಲುಗಳ ಸಂದಿನಲ್ಲಿ ಸಿಕ್ಕ ಕಲ್ಲು, ಮೊಳೆಗಳನ್ನು ತೆಗೆದು, ನೀರು ಮತ್ತು ಸೌಮ್ಯವಾದ ಸೋಪಿನಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ಒರೆಸುವುದು ಸರ್ವಥಾ ತಪ್ಪು, ಇವು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಹೊಳಪು ಬರಿಸುವ ದ್ರವಗಳೂ ದಾಸ್ತಾನಿಡುವ ಟೈರಿಗೆ ಬೇಕಾಗಿಲ್ಲ.

ಲಾಕ್ ರಿಂಗ್ ಇರುವ ಗಾಲಿಗಳಲ್ಲಿ ವಿಶೇಷ ಎಚ್ಚರ ಅಗತ್ಯ. ನಟ್ಟುಗಳಿಗೆ ಕೈ ಹಾಕುವ ಮೊದಲೇ ಗಾಳಿಯನ್ನು ಸಂಪೂರ್ಣವಾಗಿ ಬಿಡಬೇಕು. ಸೀಳಿದ ಡಿಸ್ಕಿಗೆ ಟೈರು ಇರುವಾಗಲೇ ವೆಲ್ಡಿಂಗ್ ಮಾಡುವುದು ಪ್ರಾಣಾಪಾಯಕರ. ಶಾಖದಿಂದ ಒಳಗಿನ ರಬ್ಬರು ಆವಿಯಾಗಿ, ಆ ಆವಿಗೆ ಬೆಂಕಿ ತಗುಲಿ ಟೈರು ಸಿಡಿಯುವ ಸಂಭವವಿದೆ. ಗಾಳಿ ತೆಗೆದಿದ್ದರೂ ಈ ಅಪಾಯ ತಪ್ಪುವುದಿಲ್ಲ. ಟೈರನ್ನು ಡಿಸ್ಕಿನಿಂದ ಬೇರ್ಪಡಿಸಿದ ಅನಂತರವೇ ಬಿಸಿ ಕೆಲಸ ಮಾಡತಕ್ಕದ್ದು.

ನಿಲ್ಲಿಸಬೇಕೋ, ಮಲಗಿಸಬೇಕೋ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಟೈರು ಡಿಸ್ಕಿನ ಮೇಲಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಡಿಸ್ಕಿಲ್ಲದ ಬರಿ ಟೈರನ್ನು ನಿಲ್ಲಿಸಿಡಬೇಕು. ಮರದ ಅಥವಾ ಕಬ್ಬಿಣದ ರ‍್ಯಾಕಿನಲ್ಲಿ ಸಾಲಾಗಿ ನಿಲ್ಲಿಸಿ, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ಬೇರೆ ಭಾಗ ಕೆಳಗೆ ಬರುವಂತೆ ಮಾಡಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಟೈರಿನ ಬಾಯಿ ಅಮುಕಿ, ಮುಂದೆ ಡಿಸ್ಕಿಗೆ ಏರಿಸುವಾಗ ತೊಂದರೆಯಾಗುತ್ತದೆ. ಕಾರಿನ ಟೈರುಗಳನ್ನು ಅನಿವಾರ್ಯವಾಗಿ ಪೇರಿಸಬೇಕಾದರೆ ಎತ್ತರ 1.2 ಮೀಟರು ಮೀರಬಾರದು. ನಾಲ್ಕು ವಾರಕ್ಕೊಮ್ಮೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಬೇಕು. ಬರಿ ಟೈರನ್ನು ಕೊಕ್ಕೆಗೆ ಅಥವಾ ಮೊಳೆಗೆ ತೂಗುಹಾಕಬಾರದು, ಭಾರವೆಲ್ಲ ಬಾಯಿಯ ಒಂದೇ ಬಿಂದುವಿನ ಮೇಲೆ ಬೀಳುತ್ತದೆ.

ಡಿಸ್ಕಿನ ಸಮೇತ ಇರುವ ಗಾಲಿಗೆ ಇದರ ವಿರುದ್ಧ ಕ್ರಮ. ಅದನ್ನು ಮಲಗಿಸಿ ಪೇರಿಸಬಹುದು ಅಥವಾ ಡಿಸ್ಕಿನಿಂದ ಹಿಡಿದು ತೂಗುಹಾಕಬಹುದು. ನಿಲ್ಲಿಸಿಟ್ಟರೆ ಡಿಸ್ಕಿನ ಭಾರವೂ ಸೇರಿ ಕೆಳಭಾಗ ಚಪ್ಪಟೆಯಾಗುತ್ತದೆ. ಟ್ರೇಲರ್ ಗಾಲಿಗಳಲ್ಲಿ ಪೂರ್ಣ ಒತ್ತಡದ ಗಾಳಿ ಬೇಕಿಲ್ಲ, ಆಕಾರ ಉಳಿಯಲು 10ರಿಂದ 15 ಪೌಂಡು ಸಾಕಾಗುತ್ತದೆ. ತಯಾರಕರ ಸೂಚನೆ ಬೇರೆ ಇದ್ದಲ್ಲಿ ಅದನ್ನೇ ಪಾಲಿಸುವುದು ಉತ್ತಮ.

ಟ್ಯೂಬುಗಳಿಗೆ ಟಾಲ್ಕ್ ಪುಡಿ ಸವರಿ, ಸಡಿಲವಾಗಿ ಮಡಿಸಿ, ಅವುಗಳ ಪೆಟ್ಟಿಗೆಯಲ್ಲಿಯೇ ಇಡಬೇಕು. ಇಲ್ಲವೆ ಅದೇ ಅಳತೆಯ ಟೈರಿನೊಳಗೆ ಕೊಂಚ ಗಾಳಿ ತುಂಬಿ ಇಡಬೇಕು. ಬಿಗಿಯಾಗಿ ಮಡಿಸಿ ಹಗ್ಗ ಕಟ್ಟಿದರೆ ಮಡಿಕೆಯ ಜಾಗದಲ್ಲಿಯೇ ಮೊದಲು ಸೀಳುತ್ತವೆ.

ದಾಸ್ತಾನು ಕೋಣೆ ಹೇಗಿರಬೇಕು

ಕತ್ತಲೆ, ತಂಪು, ಒಣ, ಈ ಮೂರು ಗುಣಗಳಿರುವ ಕೋಣೆ ಶ್ರೇಷ್ಠ. ಉಷ್ಣತೆ 25 ಡಿಗ್ರಿಗಿಂತ ಕೆಳಗಿರುವುದು ಆದರ್ಶ. ನಮ್ಮ ಭಾಗದ ಬೇಸಿಗೆಯಲ್ಲಿ ಅದು ಕಷ್ಟವಾದರೂ ಹಳೆಯ ಮಣ್ಣಿನ ಗೋಡೆಯ ಮನೆಗಳು, ಹೆಂಚಿನ ಮಾಡಿನ ಕೋಣೆಗಳು ತಗಡಿನ ಶೆಡ್ಡಿಗಿಂತ ಎಷ್ಟೋ ಮೇಲು. ತಗಡಿನ ಶೆಡ್ಡೇ ಗತಿಯಾದರೆ ಉತ್ತರ ದಿಕ್ಕಿನ ಗೋಡೆಯ ಬದಿ ಆರಿಸಿ, ಟೈರುಗಳ ಮೇಲೆ ತಾಡಪತ್ರಿ ಹೊದಿಸಿ, ನೆಲದ ಥಂಡಿ ತಾಗದಂತೆ ಹಲಗೆಗಳ ಮೇಲೆ ಇಡಬೇಕು. ಒದ್ದೆಯ ಟೈರಿಗೆ ಪ್ಲಾಸ್ಟಿಕ್ ಚೀಲ ಸುತ್ತಿದರೆ ಒಳಗೇ ತೇವ ನಿಂತು ಡಿಸ್ಕು ತುಕ್ಕು ಹಿಡಿಯುತ್ತದೆ.

ಟ್ರೇಲರ್ ತಯಾರಿಸುವ ವರ್ಕ್‌ಶಾಪುಗಳಲ್ಲಿ ಹೊಸ ಟೈರುಗಳನ್ನು ವೆಲ್ಡಿಂಗ್ ಯಂತ್ರದ ಪಕ್ಕದಲ್ಲಿಯೇ ಪೇರಿಸುವುದು ವಾಡಿಕೆ. ಆರ್ಕ್ ವೆಲ್ಡಿಂಗಿನ ಕಿಡಿಯಿಂದ ನೇರಳಾತೀತ ಕಿರಣವೂ ಓಜೋನೂ ಹುಟ್ಟುತ್ತವೆ. ಕಿಡಿ ಕಾರುವ ವಿದ್ಯುತ್ ಮೋಟಾರುಗಳ ಸುತ್ತಲೂ ಓಜೋನ್ ಇರುತ್ತದೆ. ಆದುದರಿಂದ ಟೈರು ದಾಸ್ತಾನು ಕೆಲಸದ ಜಾಗದಿಂದ ಬೇರೆಯಾದ ಕೋಣೆಯಲ್ಲಿರಬೇಕು. ಟೈರಿಗೆ ಬೆಂಕಿ ತಗುಲಿದರೆ ಆರಿಸುವುದು ಅತಿ ಕಷ್ಟವಾದ್ದರಿಂದಲೂ ಈ ಬೇರ್ಪಡೆ ಅವಶ್ಯ.

ಗೋವಿನಜೋಳದ ಚೀಲಗಳಿರುವ ಗೋದಾಮಿನಲ್ಲಿ ಟೈರು ಇಟ್ಟರೆ ಇಲಿಗಳ ಕಾಟವಿರುತ್ತದೆ. ರಸಗೊಬ್ಬರದ ಚೀಲಗಳ ಬಳಿ ಇಟ್ಟರೆ ಗೊಬ್ಬರವು ತೇವ ಹೀರಿ ಡಿಸ್ಕಿನ ಕಬ್ಬಿಣವನ್ನು ತಿನ್ನುತ್ತದೆ. ಈ ಎರಡು ದಾಸ್ತಾನುಗಳ ನಡುವೆ ಕನಿಷ್ಠ ಒಂದು ಗೋಡೆಯಾದರೂ ಇರಲಿ.

ಕೆಸರು ಗಾಲಿಗೆ ಬೇರೆಯೇ ನಿಯಮ

ಹಾನಗಲ್ ಭಾಗದಲ್ಲಿ ನಾಟಿ ಗದ್ದೆಗೆ ಬಳಸುವ ಕಬ್ಬಿಣದ ಕೆಸರು ಗಾಲಿಗಳಿಗೆ ತುಕ್ಕೇ ಶತ್ರು. ನಾಟಿ ಮುಗಿದ ದಿನವೇ ಮಣ್ಣು ತೊಳೆದು, ಒಣಗಿಸಿ, ತಂತಿ ಬ್ರಶ್ಶಿನಿಂದ ಉಜ್ಜಿ ಬಣ್ಣ ಅಥವಾ ಹಳೆಯ ಎಂಜಿನ್ ಆಯಿಲ್ ಬಳಿದಿಡಬೇಕು. ಕಬ್ಬಿಣಕ್ಕೆ ಹಿತವಾದ ಈ ಎಣ್ಣೆ ರಬ್ಬರಿಗೆ ಅಹಿತ. ಆದ್ದರಿಂದ ಕೆಸರು ಗಾಲಿ ಮತ್ತು ರಬ್ಬರ್ ಗಾಲಿಗಳನ್ನು ಒಂದಕ್ಕೊಂದು ಒರಗಿಸಿ ಇಡಲೇಬಾರದು.

ಬಿಚ್ಚಲಾಗದ ವಾಹನಗಳು

ಎಲ್ಲ ಗಾಲಿಗಳನ್ನೂ ಬಿಚ್ಚಿಡುವುದು ಸಾಧ್ಯವಿಲ್ಲ. ಅಂತಹ ಸಂದರ್ಭದಲ್ಲಿ ಟ್ರೇಲರಿನ ಅಚ್ಚನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟು, ಟೈರು ನೆಲ ಬಿಟ್ಟು ನಿಲ್ಲುವಂತೆ ಮಾಡಬೇಕು. ಇದೂ ಆಗದಿದ್ದರೆ ಭಾರವನ್ನೆಲ್ಲ ಇಳಿಸಿ, ಸರಿಯಾದ ಒತ್ತಡದ ಗಾಳಿ ಕಾಪಾಡಿ, ತಿಂಗಳಿಗೊಮ್ಮೆಯಾದರೂ ವಾಹನವನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕು. ಬಿಸಿಲು ಬೀಳುವ ಬದಿಯ ಟೈರಿಗೆ ಗೋಣಿತಟ್ಟು ಅಥವಾ ಹಲಗೆಯ ಮರೆ ಕಟ್ಟುವುದಕ್ಕೆ ಹೆಚ್ಚು ಖರ್ಚಾಗದು. ಹಬ್ಬ ಹರಿದಿನಗಳಿಗೆ ಮಾತ್ರ ಹೊರತೆಗೆಯುವ ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ಸ್ಟೆಪ್ನಿ ಟೈರು ಎಂದೂ ಓಡದಿದ್ದರೂ ಅದಕ್ಕೂ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು.

ಮಳೆಗಾಲದ ಹೊಣೆಗಾರಿಕೆ

ಬಯಲಿನಲ್ಲಿಟ್ಟ ಟೈರಿನೊಳಗೆ ಮಳೆ ನೀರು ನಿಂತರೆ ಅದು ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ತವರುಮನೆಯಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಒಣಗಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮುಂದಿನ ಮಳೆಗೆ ಒಡೆಯುತ್ತವೆ. 2024ರಲ್ಲಿ ಕರ್ನಾಟಕ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಸ್ಥಳಗಳ ಮಾಲೀಕರಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಅಂಗಡಿಯ ಮುಂದೆ ಹಳೆಯ ಟೈರುಗಳ ರಾಶಿ ಹಾಕುವವರು ಅವುಗಳನ್ನು ಸೂರಿನ ಕೆಳಗೆ ತರಬೇಕು. ಅದು ಆಗುವವರೆಗೆ ವಾರಕ್ಕೊಮ್ಮೆ ನೀರು ಚೆಲ್ಲಬೇಕು. ಉಪಯೋಗಕ್ಕೆ ಬಾರದ ಟೈರುಗಳನ್ನು ಸುಡದೆ, ಅಧಿಕೃತ ಮರುಬಳಕೆದಾರರಿಗೆ ತಲುಪಿಸುವವರಿಗೆ ಮಾರುವುದು ಉಚಿತ.

ವ್ಯಾಪಾರಸ್ಥರ ಲೆಕ್ಕ

ಪ್ರತಿ ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಜನ್ಮ ಪತ್ರಿಕೆ ಅಚ್ಚಾಗಿರುತ್ತದೆ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. 2224 ಎಂದಿದ್ದರೆ 2024ನೆಯ ವರ್ಷದ 22ನೆಯ ವಾರ. ಸರಿಯಾಗಿ ದಾಸ್ತಾನಿಟ್ಟ ಟೈರು ತಕ್ಷಣ ಕೆಡುವುದಿಲ್ಲ. ಆದರೆ ತಯಾರಾಗಿ ಹತ್ತು ವರ್ಷ ದಾಟಿದ ಟೈರನ್ನು, ಹಲ್ಲು ಎಷ್ಟೇ ಇದ್ದರೂ, ಬಳಸಬಾರದೆಂದು ಹಲವು ತಯಾರಕರು ಸಲಹೆ ನೀಡುತ್ತಾರೆ. ಈಗಿನ ಗ್ರಾಹಕರು ಈ ಅಂಕಿಗಳನ್ನು ಓದಬಲ್ಲರು. ಹಳೆಯದು ಮುಂದೆ, ಹೊಸದು ಹಿಂದೆ ಎಂಬ ಕ್ರಮದಲ್ಲಿ ಜೋಡಿಸಿ, ಮೊದಲು ಬಂದದ್ದನ್ನು ಮೊದಲು ಮಾರುವುದೇ ಜಾಣತನ.

ಬಂಡವಾಳದ ದೃಷ್ಟಿಯಿಂದಲೂ ಇದು ಸರಿ. ಉದಾಹರಣೆಗೆ 10,000 ರೂಪಾಯಿಯ ಟೈರು ಶೇ. 12ರ ಬಡ್ಡಿಯ ಸಾಲದಲ್ಲಿ ಒಂದು ವರ್ಷ ಗೋದಾಮಿನಲ್ಲಿ ಉಳಿದರೆ 1,200 ರೂಪಾಯಿ ಬಡ್ಡಿಗೇ ಹೋಗುತ್ತದೆ. ತೆರಿಗೆಯ ಬದಲಾವಣೆಯೂ ಗಮನಾರ್ಹ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರುಗಳ ಮೇಲಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೂ, ಕಾರು ಲಾರಿಗಳ ಹೊಸ ಟೈರುಗಳ ಮೇಲಿನ ದರ ಶೇ. 28ರಿಂದ 18ಕ್ಕೂ ಇಳಿಯಿತು. ದರ ಇಳಿದ ದಿನ ಅಂಗಡಿಯಲ್ಲಿ ಯಾವ ಮಾಲು, ಎಷ್ಟು, ಯಾವ ವಾರದ್ದು ಇದೆ ಎಂಬುದು ಪುಸ್ತಕದಲ್ಲಿ ಸ್ಪಷ್ಟವಾಗಿರುವವರಿಗೆ ಬೆಲೆ ಹೊಂದಿಸುವುದು ಸುಲಭ.

ಮತ್ತೆ ಹಾಕುವಾಗ

ಹಂಗಾಮಿಗೆ ಒಂದು ವಾರ ಮೊದಲೇ ಗಾಲಿಗಳನ್ನು ಹೊರತೆಗೆದು ಪರೀಕ್ಷಿಸಬೇಕು. ಉಗುರು ಇಳಿಯುವಷ್ಟು ಆಳದ ಬಿರುಕು, ಉಬ್ಬು, ಹೊರಗೆ ಕಾಣುವ ದಾರ ಇವುಗಳಲ್ಲಿ ಯಾವುದಿದ್ದರೂ ಆ ಟೈರು ಭಾರದ ಹೇರಿಗೆ ಯೋಗ್ಯವಲ್ಲ. ವಾಲ್ವು ನೋಡಿ, ಪೂರ್ಣ ಒತ್ತಡಕ್ಕೆ ಗಾಳಿ ತುಂಬಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಬೇಕು. ಗಾಲಿ ಜೋಡಿಸಿ ಸುಮಾರು 50 ಕಿಲೋಮೀಟರು ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.

ಒಂದು ಹೊಸ ಅವಕಾಶ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೊಂದು, ಬೇಸಿಗೆಗೊಂದು ಜೊತೆ ಟೈರುಗಳಿರುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಚಳಿಗಾಲದ ಟೈರು ಕಾನೂನಿನಂತೆ ಕಡ್ಡಾಯ. ಜರ್ಮನಿ, ಸ್ವೀಡನ್ ಮೊದಲಾದೆಡೆ ಬಳಕೆಯಲ್ಲಿಲ್ಲದ ಜೊತೆಯನ್ನು ಟೈರು ಅಂಗಡಿಗಳೇ ಬಾಡಿಗೆ ಪಡೆದು ಕಾಪಾಡುತ್ತವೆ. ಸ್ವೀಡನ್ನಿನಲ್ಲಿ ಇದನ್ನು ಟೈರುಗಳ ಹೋಟೆಲು ಎಂದೇ ಕರೆಯುತ್ತಾರೆ. ತೊಳೆಯುವುದು, ಗುರುತು ಚೀಟಿ ಕಟ್ಟುವುದು, ಪರೀಕ್ಷಿಸುವುದು, ಹಂಗಾಮಿಗೆ ಮರಳಿ ಜೋಡಿಸುವುದು ಎಲ್ಲವೂ ಅದೇ ಬಾಡಿಗೆಯಲ್ಲಿ ಸೇರಿರುತ್ತದೆ.

ನಮ್ಮಲ್ಲಿ ಹಿಮವಿಲ್ಲದಿದ್ದರೂ ಹಂಗಾಮು ಇದೆ. ಬಂಕಾಪುರ, ಅಕ್ಕಿಆಲೂರು, ಹಂಸಭಾವಿಯಂತಹ ಊರುಗಳಲ್ಲಿ ಒಳ್ಳೆಯ ಕೋಣೆಯುಳ್ಳ ಟೈರು ವ್ಯಾಪಾರಿಯು ಟ್ರೇಲರ್ ಮಾಲೀಕರಿಗೆ ಇಂತಹ ಸೇವೆ ಒದಗಿಸಬಹುದು. ಗಾಲಿ ಯಾರ ಕೋಣೆಯಲ್ಲಿದೆಯೋ, ಹೊಸ ಟೈರು ಬೇಕಾದಾಗ ಮಾಲೀಕನು ಮೊದಲು ಬರುವುದೂ ಅವರ ಬಳಿಗೇ. ಸೇವೆ ಆರಂಭಿಸುವವರು ರಶೀದಿ, ಗುರುತು ಚೀಟಿ ಮತ್ತು ಬೆಂಕಿ ವಿಮೆ ಈ ಮೂರನ್ನು ಮೊದಲೇ ಸಿದ್ಧಪಡಿಸಿಕೊಂಡರೆ ಮುಂದೆ ತಕರಾರಿಗೆ ಅವಕಾಶವಿರುವುದಿಲ್ಲ.