ತೆರೆಯದ ಬ್ರೌಸರ್, ಒಳಗಿನ ಮನೆಮಂದಿ

ನಮ್ಮ ರಸ್ತೆ ತಿರುವಿನ ಜೆರಾಕ್ಸ್ ಅಂಗಡಿಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆರೇಳು ಜನ ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ನಿಂತಿದ್ದ ವಯಸ್ಸಾದ ರೈತರಿಗೆ ಪಹಣಿಯ ಪ್ರಿಂಟ್ ಬೇಕಿತ್ತು. ಅಂಗಡಿಯ ಹುಡುಗ ಬ್ರೌಸರಿನ ಐಕಾನ್ ಒತ್ತುತ್ತಾನೆ, ಬಾಣದ ಪಕ್ಕ ನೀಲಿ ಉಂಗುರ ಎರಡು ಸುತ್ತು ಹಾಕಿ ಸುಮ್ಮನಾಗುತ್ತದೆ, ಪುಟ ಮಾತ್ರ ಬರುವುದಿಲ್ಲ. ಮತ್ತೆ ಒತ್ತುತ್ತಾನೆ. “ಬಿಸಿಲು ಜಾಸ್ತಿ ಆದ್ರೆ ಇದು ಹಿಂಗೇ ಸರ್, ಕೈ ಕೊಡುತ್ತೆ” ಎಂದ ನನ್ನ ಕಡೆ ತಿರುಗಿ. ಬಿಸಿಲಿಗೂ ಬ್ರೌಸರಿಗೂ ಎಲ್ಲಿಯ ನಂಟು ಎಂದು ಒಳಗೊಳಗೇ ನಕ್ಕೆ.

ಟಾಸ್ಕ್ ಮ್ಯಾನೇಜರ್ ತೆಗೆಸಿ ನೋಡಿದರೆ ಡೀಟೇಲ್ಸ್ ಪಟ್ಟಿಯಲ್ಲಿ ಅದೇ ಬ್ರೌಸರಿನ ಹೆಸರು ಹನ್ನೊಂದು ಸಾಲುಗಳಲ್ಲಿ ಕೂತಿತ್ತು. “ಹನ್ನೊಂದು ಸಲ ಒತ್ತಿದ್ನಲ್ಲ, ಅದಕ್ಕೇ” ಎಂದ ಹುಡುಗ. ಹಾಗಲ್ಲ. ಅವನು ಒಂದೇ ಸಲ ಒತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ ಸಾಲುಗಳು ಇರುತ್ತಿದ್ದವು.

ನಾವು ಒಂದು ಎಂದುಕೊಳ್ಳುವ ಬ್ರೌಸರ್ ಅಸಲಿಗೆ ಒಂದು ಕೂಡುಕುಟುಂಬ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ಪ್ರೊಸೆಸ್, ಅಂದರೆ ಪ್ರತ್ಯೇಕವಾಗಿ ಓಡುತ್ತಿರುವ ಒಂದು ಪ್ರೋಗ್ರಾಂ. ಯಜಮಾನಿಕೆ ಅವುಗಳಲ್ಲಿ ಒಂದರದು; ಕಿಟಕಿ, ಬುಕ್‌ಮಾರ್ಕ್, ವಿಳಾಸದ ಪಟ್ಟಿ ಎಲ್ಲ ಅದರ ಉಸ್ತುವಾರಿ. ಗ್ರಾಫಿಕ್ಸ್ ಕಾರ್ಡಿನ ಜೊತೆ ವ್ಯವಹರಿಸುವುದಕ್ಕೆ ಇನ್ನೊಂದು. ಟ್ಯಾಬ್‌ಗಳಿಗೆ, ಎಕ್ಸ್‌ಟೆನ್ಶನ್‌ಗಳಿಗೆ ಬೇರೆ ಬೇರೆ. ಮೊದಲು ಹೀಗಿರಲಿಲ್ಲ. 1990ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರಿನ ಕಾಲದಿಂದ ಬಹಳ ವರ್ಷ ಎಲ್ಲ ಪುಟಗಳೂ ಸಾಮಾನ್ಯವಾಗಿ ಒಂದೇ ಪ್ರೊಸೆಸ್‌ನಲ್ಲಿ ಓಡುತ್ತಿದ್ದವು. ಹತ್ತು ಪುಟ ತೆರೆದಿಟ್ಟಾಗ ಒಂದರ ಮೂಲೆಯ ಫ್ಲ್ಯಾಶ್ ಜಾಹೀರಾತು ಎಡವಿದರೆ ಹತ್ತೂ ಮಾಯ, ಅರ್ಧ ಬರೆದಿದ್ದ ಇಮೇಲ್ ಸಮೇತ. 2008ರ ಸೆಪ್ಟೆಂಬರಿನಲ್ಲಿ ಕ್ರೋಮ್ ಹೊರತಂದಾಗ ಗೂಗಲ್ ಕಂಪನಿ ಸ್ಕಾಟ್ ಮೆಕ್‌ಕ್ಲೌಡ್ ಎಂಬ ಕಾಮಿಕ್ಸ್ ಕಲಾವಿದರಿಂದ 38 ಪುಟಗಳ ಚಿತ್ರಕಥೆಯನ್ನೇ ಮಾಡಿಸಿತು. ಟ್ಯಾಬಿಗೊಂದು ಪ್ರೊಸೆಸ್ ಯಾಕೆ ಬೇಕು ಎಂಬುದು ಅದರ ಒಂದು ಮುಖ್ಯ ಕಥಾವಸ್ತು. ಫೈರ್‌ಫಾಕ್ಸ್ ಈ ದಾರಿ ಹಿಡಿದದ್ದು 2016ರಲ್ಲಿ. 2018ರಲ್ಲಿ, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದ ಮೇಲೆ, ಕ್ರೋಮ್ ಒಂದೊಂದು ಜಾಲತಾಣಕ್ಕೂ ಪ್ರತ್ಯೇಕ ಕೋಣೆ ಕೊಟ್ಟಿತು. ಅದರ ಬೆಲೆ ಶೇಕಡಾ 10ರಿಂದ 13ರಷ್ಟು ಹೆಚ್ಚು ಮೆಮೊರಿ. ಬ್ರೌಸರ್ ರ್‍ಯಾಮ್ ನುಂಗುತ್ತದೆ ಎಂದು ಬೈಯುವವರು ಆ ರ್‍ಯಾಮ್ ಗೋಡೆ ಕಟ್ಟಲು ಹೋಗುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಒಂದು ಟ್ಯಾಬ್ ಸತ್ತು ಸಪ್ಪೆ ಮೋರೆಯ ಚಿತ್ರ ಕಾಣಿಸಿಕೊಂಡರೆ ಗಾಬರಿಪಡಬೇಕಿಲ್ಲ. ಸತ್ತದ್ದು ಒಂದು ಕೋಣೆ, ಮನೆ ನಿಂತಿದೆ. ಕ್ರ್ಯಾಶ್ ಎಂದೊಡನೆ ಕೇಳಬೇಕಾದ ಪ್ರಶ್ನೆ ಇದು: ಬಿದ್ದವರು ಯಾರು? ಒಂದೇ ಪುಟ ಬಿದ್ದರೆ ತಪ್ಪು ಆ ಪುಟದ್ದೋ ಮೆಮೊರಿಯದೋ ಇರಬಹುದು. ಪರದೆ ಕಪ್ಪಾಗಿ ಮಿಟುಕಿ ಮತ್ತೆ ಬಂದರೆ ಅನುಮಾನ ಗ್ರಾಫಿಕ್ಸ್ ಡ್ರೈವರಿನ ಮೇಲೆ; ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಶನ್ ಆಫ್ ಮಾಡಿ ನೋಡಬೇಕು. ಇಡೀ ಮನೆಯೇ ಕುಸಿದರೆ ಯಜಮಾನನಿಗೇ ಏನೋ ಆಗಿದೆ.

ತೆರೆಯದೇ ಇರುವ ಬ್ರೌಸರಿನದು ಇದಕ್ಕೆ ತದ್ವಿರುದ್ಧ ಕಥೆ. ಅಲ್ಲಿ ಎಷ್ಟೋ ಸಲ ತೊಂದರೆ ಯಾರೋ ಸತ್ತದ್ದರಿಂದಲ್ಲ, ಯಾರೋ ಪೂರ್ತಿ ಸಾಯದೆ ಉಳಿದದ್ದರಿಂದ. ನಿಮ್ಮ ಹಿಸ್ಟರಿ, ಕುಕಿ, ಪಾಸ್‌ವರ್ಡ್‌ಗಳೆಲ್ಲ ಪ್ರೊಫೈಲ್ ಎಂಬ ಒಂದು ಫೋಲ್ಡರಿನೊಳಗೆ ಸಣ್ಣ ಸಣ್ಣ ಡೇಟಾಬೇಸ್ ಫೈಲುಗಳಾಗಿ ಇರುತ್ತವೆ. ಒಂದೇ ಖಾತೆ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಏಕಕಾಲಕ್ಕೆ ಬರೆದರೆ ಲೆಕ್ಕ ಕೆಡುತ್ತದಲ್ಲ, ಅದಕ್ಕಾಗಿ ಬ್ರೌಸರ್ ಎದ್ದ ಕೂಡಲೇ ಆ ಫೋಲ್ಡರಿಗೆ ಬೀಗ ಹಾಕಿಕೊಳ್ಳುತ್ತದೆ. ನೀವು ಐಕಾನನ್ನು ಎರಡನೆಯ ಸಲ ಒತ್ತಿದಾಗ ಹೊಸ ಪ್ರೊಸೆಸ್ ಒಂದು ಹುಟ್ಟುತ್ತದೆ, ಬೀಗ ನೋಡುತ್ತದೆ, ಒಳಗಿರುವವನಿಗೆ “ಒಂದು ಕಿಟಕಿ ತೆಗಿ” ಎಂದು ಹೇಳಿ ಹೊರಟುಹೋಗುತ್ತದೆ. ಒಳಗಿರುವವನು ಸ್ತಬ್ಧನಾಗಿ ಕೂತಿದ್ದರೆ ಆ ಮಾತು ಕೇಳಿಸಿಕೊಳ್ಳುವವರಿಲ್ಲ. ಅಂಗಡಿಯಲ್ಲಿ ಆದದ್ದು ಇಷ್ಟೇ. ಹನ್ನೊಂದು ಸಲ ಬಾಗಿಲು ಬಡಿದ ಹುಡುಗ, ಹನ್ನೊಂದು ಸಲವೂ ಏಳದ ಯಜಮಾನ. ಎಲ್ಲ ಸಾಲುಗಳನ್ನೂ ಎಂಡ್ ಟಾಸ್ಕ್ ಮಾಡಿಸಿದೆ. ಮುಂದಿನ ಒತ್ತಿಗೆ ಪುಟ ಬಂತು, ಪಹಣಿಯೂ ಬಂತು.

ಈ ಬೀಗದ ಒಂದು ತಮಾಷೆ ಲಿನಕ್ಸ್ ಬಳಸುವವರಿಗೆ ಗೊತ್ತಿರುತ್ತದೆ. ಅಲ್ಲಿ ಕ್ರೋಮ್‌ನ ಬೀಗವೆಂದರೆ ಪ್ರೊಫೈಲ್ ಫೋಲ್ಡರಿನಲ್ಲಿರುವ ‘ಸಿಂಗಲ್‌ಟನ್ ಲಾಕ್’ ಎಂಬ ಕೊಂಡಿ. ಅದು ಯಾವ ಫೈಲನ್ನೂ ತೋರಿಸುವುದಿಲ್ಲ. ಕಂಪ್ಯೂಟರಿನ ಹೆಸರು, ಒಂದು ಅಡ್ಡಗೆರೆ, ಪ್ರೊಸೆಸ್ ಸಂಖ್ಯೆ, ಇಷ್ಟೇ ಅದರ ಮೇಲಿನ ಬರಹ. ಬ್ರೌಸರ್ ಕ್ರ್ಯಾಶ್ ಆಗಿ ಕೊಂಡಿ ಅಲ್ಲೇ ಉಳಿದು, ಆಮೇಲೆ ನೀವು ಕಂಪ್ಯೂಟರಿಗೆ ಬೇರೆ ಹೆಸರು ಇಟ್ಟಿರೋ, ಬ್ರೌಸರ್ ತೆರೆಯುವುದಿಲ್ಲ. ಈ ಪ್ರೊಫೈಲನ್ನು ಬೇರೆ ಕಂಪ್ಯೂಟರ್ ಒಂದು ಬಳಸುತ್ತಿದೆ ಎಂದು ದೂರುತ್ತದೆ. ಆ ಬೇರೆ ಕಂಪ್ಯೂಟರ್ ನಿಮ್ಮದೇ, ಹಳೆಯ ಹೆಸರಿನಲ್ಲಿ. ಬ್ರೌಸರ್ ಓಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಆ ಕೊಂಡಿಯನ್ನು ಅಳಿಸಿದರೆ ಮುಗಿಯಿತು.

ಇನ್ನೊಂದು ಬಗೆಯ ಕಾಟವಿದೆ. ಬ್ರೌಸರ್ ಏಳುತ್ತದೆ, ಹಿಂದಿನ ಸಲ ತೆರೆದಿದ್ದ ಪುಟಗಳನ್ನೇ ನಿಷ್ಠೆಯಿಂದ ಮತ್ತೆ ತೆರೆಯುತ್ತದೆ, ಬೀಳಿಸಿದ ಪುಟವೂ ಅದರಲ್ಲೇ ಇರುವುದರಿಂದ ಮತ್ತೆ ಬೀಳುತ್ತದೆ. ಫೈರ್‌ಫಾಕ್ಸ್ ಹೀಗೆ ಮೇಲಿಂದ ಮೇಲೆ ಬಿದ್ದರೆ ತಾನಾಗಿಯೇ ಪುಟ ತೆರೆಯುವುದನ್ನು ಬಿಟ್ಟು ಪಟ್ಟಿ ಮುಂದಿಡುತ್ತದೆ, ಅನುಮಾನವಿದ್ದ ಪುಟದ ಗುರುತು ತೆಗೆದು ಉಳಿದವನ್ನು ತರಿಸಿಕೊಳ್ಳಬಹುದು. ಈ ಸುಳಿಗೆ ಬ್ರೌಸರಿನಾಚೆಯ ಒಂದು ಉದಾಹರಣೆ ನಮ್ಮ ನೆರೆಯ ಲಿಪಿಯಿಂದಲೇ ಬಂತು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ಒಂದು ರೂಪ ಐಫೋನ್‌ಗಳಲ್ಲಿ ಆ್ಯಪ್‌ಗಳನ್ನು ಉರುಳಿಸತೊಡಗಿತು. ಅಕ್ಷರವನ್ನು ತೋರಿಸಲು ಹೋದ ಆ್ಯಪ್ ಬೀಳುತ್ತಿತ್ತು, ತೆರೆದರೆ ಅದೇ ಸಂದೇಶವನ್ನು ತೋರಿಸಲು ಹೋಗಿ ಮತ್ತೆ ಬೀಳುತ್ತಿತ್ತು. ಜಕಾರ, ಹಲಂತ, ಞಕಾರ, ದೀರ್ಘದ ಚಿಹ್ನೆಗಳ ನಡುವೆ ಕಣ್ಣಿಗೆ ಕಾಣದ ಒಂದು ‘ಕೂಡಿಸದ’ ಅಕ್ಷರ ಸೇರಿಕೊಂಡಿದ್ದೇ ಅದಕ್ಕೆ ಕಾರಣ. ಕನ್ನಡ ಟೈಪ್ ಮಾಡುವವರಿಗೆ ಈ ಕಾಣದ ಅಕ್ಷರ ಹೊಸದಲ್ಲ. ‘ಟ್ಯಾಬ್‌ಗಳು’ ಎಂದು ಬರೆಯುವಾಗ ಬಕಾರದ ಕೆಳಗೆ ಗಕಾರ ಒತ್ತಾಗಿ ಕೂರದಂತೆ ತಡೆಯುವುದು ಅದೇ. ಆ್ಯಪಲ್ ಫೆಬ್ರವರಿ 19ರಂದು ಐಓಎಸ್ 11.2.6 ಹೊರತಂದು ಸರಿಪಡಿಸಿತು. ಒತ್ತಕ್ಷರ ಜೋಡಿಸುವುದು ಎಷ್ಟು ಸೂಕ್ಷ್ಮ ಕೆಲಸ ಎಂದು ಕ್ಯಾಲಿಫೋರ್ನಿಯಾಕ್ಕೆ ಆವತ್ತು ಗೊತ್ತಾಗಿರಬೇಕು.

ಕೆಲವೊಮ್ಮೆ ನಿಮ್ಮ ಕಂಪ್ಯೂಟರಿನಲ್ಲಿ ಒಂದು ಕಡ್ಡಿ ಅಲ್ಲಾಡದಿದ್ದರೂ ಬ್ರೌಸರ್ ನಿಲ್ಲುತ್ತದೆ. 2022ರ ಜನವರಿ 13, ಸಂಕ್ರಾಂತಿ ಎದುರಿಗಿತ್ತು. ಜಗತ್ತಿನ ಹಲವೆಡೆ ಫೈರ್‌ಫಾಕ್ಸ್ ತೆರೆಯುತ್ತಿತ್ತು, ಪುಟಗಳು ಮಾತ್ರ ಬರುತ್ತಿರಲಿಲ್ಲ. ಫೈರ್‌ಫಾಕ್ಸ್ ತನ್ನ ಬಳಕೆಯ ಅಂಕಿಅಂಶಗಳನ್ನು ತಯಾರಕ ಮೊಜಿಲ್ಲಾಕ್ಕೆ ಕಳಿಸುತ್ತದೆ. ಅದನ್ನು ಪಡೆಯುವ ಸರ್ವರುಗಳ ಮುಂದಿದ್ದ ಗೂಗಲ್ ಕ್ಲೌಡ್ ವ್ಯವಸ್ಥೆಯಲ್ಲಿ ಆ ದಿನ ಎಚ್‌ಟಿಟಿಪಿ-3 ಎಂಬ ಹೊಸ ಸಂವಹನ ಪದ್ಧತಿ ಚಾಲೂ ಆಯಿತು. ಕಳಿಸುವ ಮಾಹಿತಿಯ ಅಳತೆ ಹೇಳುವ ‘ಕಂಟೆಂಟ್-ಲೆಂತ್’ ಎಂಬ ತಲೆಬರಹವನ್ನು ಫೈರ್‌ಫಾಕ್ಸ್‌ನ ಒಂದು ಭಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯುತ್ತಿತ್ತು. ಎಚ್‌ಟಿಟಿಪಿ-3 ನೋಡಿಕೊಳ್ಳುವ ಭಾಗ ಅದನ್ನು ಪದಗಳ ಮೊದಲಕ್ಷರ ದೊಡ್ಡದಿರುವ ರೂಪದಲ್ಲಿ ಹುಡುಕುತ್ತಿತ್ತು. ಸಿಗಲಿಲ್ಲ, ಆದ್ದರಿಂದ ಕಳಿಸಲು ಏನೂ ಇಲ್ಲ ಎಂದುಕೊಂಡಿತು, ನೋಡಿದರೆ ಕಳಿಸುವುದು ಬಾಕಿ ಇದೆ, ಮತ್ತೆ ನೋಡಿತು. ಹೀಗೆ ಗಾಣದೆತ್ತಿನಂತೆ ಸುತ್ತತೊಡಗಿತು. ಜಾಲದ ಕೆಲಸವೆಲ್ಲ ಒಂದೇ ಥ್ರೆಡ್‌ನ, ಅಂದರೆ ಪ್ರೊಸೆಸ್‌ನೊಳಗಿನ ಒಬ್ಬನೇ ಆಳಿನ, ಪಾಲಿಗಿದ್ದುದರಿಂದ ಬೇರೆ ಯಾವ ಪುಟಕ್ಕೂ ಸರದಿ ಬರಲಿಲ್ಲ. ಅಂಕಿಅಂಶ ಕಳಿಸುವುದನ್ನು ಮೊದಲೇ ಆಫ್ ಮಾಡಿಟ್ಟಿದ್ದವರು ಬಹುಮಟ್ಟಿಗೆ ಬಚಾವ್. ಸರ್ವರ್ ಕಡೆ ಎಚ್‌ಟಿಟಿಪಿ-3 ನಿಲ್ಲಿಸಿದ ಮೇಲೆ ಬ್ರೌಸರ್ ಮುಚ್ಚಿ ತೆರೆದವರಿಗೆ ಎಲ್ಲ ಮೊದಲಿನಂತಾಯಿತು.

ಇಂಥ ದಿನ ಎಷ್ಟೋ ಜನ ಬ್ರೌಸರ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಂಡಿರುತ್ತಾರೆ. ಎಲ್ಲರೂ ಕೊಡುವ, ಸಾಮಾನ್ಯವಾಗಿ ಉಪಯೋಗಕ್ಕೆ ಬಾರದ ಸಲಹೆ ಅದು. ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರೊಫೈಲ್ ಫೋಲ್ಡರ್ ಸಾಮಾನ್ಯವಾಗಿ ಅಲ್ಲೇ ಉಳಿದಿರುತ್ತದೆ, ರೋಗ ಅದರೊಳಗಿದ್ದರೆ ಅದೂ ಉಳಿಯುತ್ತದೆ. ಅದರ ಬದಲು ಹೊಲದ ಪೈಪಿನಲ್ಲಿ ನೀರು ಎಲ್ಲಿ ಕಟ್ಟಿದೆ ಎಂದು ಹುಡುಕುವವರಂತೆ ಅರ್ಧರ್ಧ ತಳ್ಳಿಹಾಕುತ್ತ ಬರುವುದು ಮೇಲು. ಪ್ರೈವೇಟ್ ಕಿಟಕಿಯಲ್ಲಿ ಸರಿಯಾಗಿ ಓಡಿದರೆ ಅಪರಾಧಿ ಬಹುಶಃ ಒಂದು ಎಕ್ಸ್‌ಟೆನ್ಶನ್, ಏಕೆಂದರೆ ಅವು ಅಲ್ಲಿಗೆ ಸಾಮಾನ್ಯವಾಗಿ ಬರುವುದಿಲ್ಲ. ಅಲ್ಲೂ ಬಿದ್ದರೆ ಪ್ರೊಫೈಲ್ ಫೋಲ್ಡರಿನ ಹೆಸರು ಬದಲಿಸಿ (ಅಳಿಸಬೇಡಿ, ಪಾಸ್‌ವರ್ಡ್‌ಗಳು ಅದರಲ್ಲಿವೆ) ಹೊಸದಾಗಿ ಶುರುಮಾಡಿ. ಹೊಸ ಪ್ರೊಫೈಲ್‌ನಲ್ಲೂ ಬಿದ್ದರೆ ಹೊರಗಿನವರನ್ನು ವಿಚಾರಿಸಬೇಕು. ಮೊದಲ ಅನುಮಾನ ಆ್ಯಂಟಿವೈರಸ್ ಮೇಲೆ. ಕಾವಲಿಗೆಂದು ಬಂದವನು ಬ್ರೌಸರಿನ ಹೊಟ್ಟೆಯೊಳಗೇ ತನ್ನ ಕೋಡ್ ತುರುಕುತ್ತಾನೆ. ಹೀಗೆ ಹೊರಗಿನ ಕೋಡ್ ತುರುಕಿಸಿಕೊಂಡ ವಿಂಡೋಸ್ ಬಳಕೆದಾರರಲ್ಲಿ ಕ್ರ್ಯಾಶ್ ಸಂಭವ ಶೇಕಡಾ 15ರಷ್ಟು ಹೆಚ್ಚು ಎಂದು 2017ರಲ್ಲಿ ಕ್ರೋಮ್ ತಂಡವೇ ಹೇಳಿತು.

ಬೇರೊಂದು ಬ್ರೌಸರ್ ಹಾಕಿದರೂ ಅದೂ ಬೀಳುತ್ತದೆ ಎಂದರೆ ಸಾಫ್ಟ್‌ವೇರ್ ಬಿಟ್ಟು ಯಂತ್ರದ ಕಡೆ ನೋಡಬೇಕು. 2025ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಿಸಿಗಾಳಿ ಬೀಸಿದಾಗ ಇಂಟೆಲ್‌ನ ರಾಪ್ಟರ್ ಲೇಕ್ ಪೀಳಿಗೆಯ ಪ್ರೊಸೆಸರ್ ಇದ್ದ ಕಂಪ್ಯೂಟರುಗಳಿಂದ ಫೈರ್‌ಫಾಕ್ಸ್ ಕ್ರ್ಯಾಶ್ ವರದಿಗಳು ವಿಪರೀತ ಬರತೊಡಗಿದವು. ಯಾವ ದೇಶದಲ್ಲಿ ಸೆಖೆ ಎಂದು ಆ ವರದಿಗಳ ಭಾಷೆ ನೋಡಿಯೇ ಹೇಳಬಹುದಿತ್ತು ಎಂದು ಮೊಜಿಲ್ಲಾದ ಎಂಜಿನಿಯರ್ ಗೇಬ್ರಿಯೆಲೆ ಸ್ವೆಲ್ಟೊ ಬರೆದುಕೊಂಡರು.

ಅದನ್ನು ಓದಿದ ಮರುದಿನ ಜೆರಾಕ್ಸ್ ಅಂಗಡಿಗೆ ಹೋಗಿ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಸಿಪಿಯು ಡಬ್ಬ ಗೋಡೆಗೆ ಒತ್ತಿಕೊಂಡಿತ್ತು, ಪಕ್ಕದ ಜೆರಾಕ್ಸ್ ಯಂತ್ರ ತನ್ನ ಬಿಸಿ ಉಸಿರನ್ನೆಲ್ಲ ನೇರ ಅದರ ಮೇಲೆ ಬಿಡುತ್ತಿತ್ತು, ಫ್ಯಾನಿನ ಜಾಲರಿಯಲ್ಲಿ ಬೆರಳ ದಪ್ಪ ಧೂಳು. “ನಾನು ಹೇಳ್ಲಿಲ್ವಾ ಸರ್?” ಎಂದ ಹುಡುಗ, ಡಬ್ಬದ ಇನ್ನೊಂದು ತುದಿ ಹಿಡಿದು ಎತ್ತುತ್ತಾ.